ನಲವತ್ತು ಪುಸ್ತಕ ಓದಿಲ್ಲದ ಪ್ರಮಾಣಪತ್ರ

ತೂಕ ಮತ್ತು ಅಳತೆ ಇಲಾಖೆಯ ಪ್ರತಿಯೊಬ್ಬ ನೌಕರನೂ ತಾನು ಈ ವರ್ಷ ಓದಿದ ಪುಸ್ತಕಗಳ ಸಂಖ್ಯೆಯನ್ನೂ, ಮೆಚ್ಚಿದ ಒಂದು ಪುಸ್ತಕದ ಸಾರಾಂಶವನ್ನೂ ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು ಎಂದು ಸುತ್ತೋಲೆ ಹೊರಟಿತು. ನೌಕರರಲ್ಲಿ ಓದುವ ಹವ್ಯಾಸ ಬೆಳೆಯಲಿ ಎಂಬುದೇ ಅದರ ಸದುದ್ದೇಶ.

ಕಡತ ಕೋಣೆಯ ಗುಮಾಸ್ತನಿಗೆ ಕುಣಿಯುವಷ್ಟು ಖುಷಿಯಾಯಿತು. ಇಪ್ಪತ್ತು ವರ್ಷದ ನೌಕರಿಯಲ್ಲಿ ತನಗೆ ಉತ್ತರ ಗೊತ್ತಿರುವ ಪ್ರಶ್ನೆಯನ್ನು ಇಲಾಖೆ ಕೇಳಿದ್ದು ಇದೇ ಮೊದಲು! ನಲವತ್ತೊಂದು ಎಂದು ಬರೆದ. ಮೆಚ್ಚಿದ್ದು, ಹಡಗಿನ ಅಡುಗೆಯವನೊಬ್ಬನ ಕಾದಂಬರಿ. ತಾನು ಮುಗಿಸಿದ ಮೇಲೆ, ಕಣ್ಣು ಮಂಜಾದ ಅಮ್ಮನಿಗೆ ಅದನ್ನು ಭಾನುವಾರಕ್ಕೊಂದು ಅಧ್ಯಾಯದಂತೆ ಓದಿ ಹೇಳುತ್ತಿದ್ದ. ಇನ್ನು ಕೊನೆಯದೊಂದೇ ಬಾಕಿ. ಅಡುಗೆಯವನ ಮೇಲೆ ಮುನಿಸಿಕೊಂಡು ಹೋದ ಹೆಂಡತಿ ಬಂದರಿನಲ್ಲಿ ಕಾದಿದ್ದಳಾ ಇಲ್ಲವಾ ಎಂದು ಅಮ್ಮ ಒಂದೇ ಸಮನೆ ಪೀಡಿಸುತ್ತಿದ್ದಳು. "ಭಾನುವಾರ ಓದ್ತೀನಮ್ಮ, ಸ್ವಲ್ಪ ತಡಕೋ" ಎಂದಿದ್ದ.

ಮರುದಿನ ಮೇಲ್ವಿಚಾರಕರಿಂದ ಕರೆ ಬಂತು.

"ಏನಯ್ಯಾ, ತಲೆ ನೆಟ್ಟಗಿದೆಯಾ? ನಿರ್ದೇಶಕರು ಓದಿದ್ದು ಮೂರು. ಅದಕ್ಕೇ ನಾನು ಎರಡು ಅಂತ ಬರೆದೆ. ನೀನು ನಲವತ್ತೊಂದಾ?"

"ಓದಿಬಿಟ್ಟಿದ್ದೀನಲ್ಲ ಸಾರ್."

"ಅದೇ ತಪ್ಪು. ಅಧೀನ ನೌಕರನ ಓದು ಮೇಲಧಿಕಾರಿಯ ಓದನ್ನು ಮೀರತಕ್ಕದ್ದಲ್ಲ. ಮೀರಿದರೆ ಅಮಾನತು. ನಿನ್ನ ದರ್ಜೆಗೆ ಒಂದು. ಉಳಿದ ನಲವತ್ತನ್ನೂ ರದ್ದು ಮಾಡಿಸು."

ಒಂದಾದರೂ ಉಳಿಯಿತಲ್ಲ, ಅಡುಗೆಯವನನ್ನೇ ಇಟ್ಟುಕೊಳ್ಳೋಣ ಎಂದುಕೊಂಡ ಗುಮಾಸ್ತ. ಅದಕ್ಕೂ ನಿಯಮವಿತ್ತು. ಮೆಚ್ಚಿದ ಪುಸ್ತಕದ ವಿಷಯದಲ್ಲಿ ಇಲಾಖೆಯೊಳಗೆ ಭಿನ್ನಾಭಿಪ್ರಾಯ ಇರಕೂಡದು. ನಿರ್ದೇಶಕರು ಮೆಚ್ಚಿದ್ದು ಇಲಾಖೆಯ ವಾರ್ಷಿಕ ವರದಿಯನ್ನು. ನಲವತ್ತೊಂದರಲ್ಲಿ ಅದೂ ಸೇರಿತ್ತು; ಆ ವರದಿ ಬರೆದವನೇ ಈ ಗುಮಾಸ್ತ. ಅದರಲ್ಲಿ ಮೆಚ್ಚುವಂಥದ್ದು ಏನಿದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೆಚ್ಚಿದ್ದೇನೆ ಎಂದು ಸಹಿ ಹಾಕಿದ. ಅಡುಗೆಯವನು ರದ್ದತಿಯ ಪಟ್ಟಿಗೆ ಸೇರಿದ.

ರದ್ದತಿಯ ಕ್ರಮ ಬಲು ಸರಳ. ಇಬ್ಬರು ಸಾಕ್ಷಿಗಳ ಎದುರು ಪುಸ್ತಕವನ್ನು ಕೊನೆಯ ಪುಟದಿಂದ ಮೊದಲ ಪುಟದವರೆಗೆ ಮಗುಚಿ, "ಓದಿಲ್ಲ" ಎಂದು ಮೂರು ಸಲ ಹೇಳಿ, ಕಟ್ಟು ಕಟ್ಟಿ ಕಡತ ಕೋಣೆಗೆ ಒಪ್ಪಿಸಬೇಕು. ಒಪ್ಪಿಸಿದವನೂ ಗುಮಾಸ್ತನೇ, ಕಡತ ಕೋಣೆಯ ಪರವಾಗಿ ಪಡೆದುಕೊಂಡವನೂ ಅವನೇ. ಮೂರು ದಿನ ಹಿಡಿಯಿತು.

ಕೊನೆಗೊಂದು ಪರೀಕ್ಷೆ. ಮೇಲ್ವಿಚಾರಕರು ಅವನದೇ ಸಾರಾಂಶವನ್ನು ಮುಂದಿಟ್ಟುಕೊಂಡು ಕೇಳಿದರು: "ಅಡುಗೆಯವನ ಹೆಂಡತಿ ಬಂದರಿಗೆ ಬಂದಳಾ?"

ಗುಮಾಸ್ತನಿಗೆ ಅಳುವೇ ಬಂತು. ನುಂಗಿಕೊಂಡ. "ಯಾವ ಅಡುಗೆಯವನು ಸಾರ್?"

"ಭೇಷ್!" ಎಂದು ಪ್ರಮಾಣಪತ್ರಕ್ಕೆ ಮೊಹರು ಒತ್ತಿದ ಮೇಲ್ವಿಚಾರಕರು ಆಚೀಚೆ ನೋಡಿ ದನಿ ತಗ್ಗಿಸಿದರು. "ಅಲ್ಲಯ್ಯಾ, ಇದರಲ್ಲಿ ಕೊನೆ ಬರೆದೇ ಇಲ್ಲ. ನಿಜವಾಗ್ಲೂ ಬಂದಳಾ?"

"ಅದು ರದ್ದಾಗಿದೆ ಸಾರ್."

ಭಾನುವಾರ ಬೆಳಿಗ್ಗೆ ಅಮ್ಮ ಕಾಫಿ ಕುಡಿಯುವುದನ್ನೂ ಬಿಟ್ಟು ಕುರ್ಚಿ ಎಳೆದುಕೊಂಡು ಕೂತಳು. "ಓದಪ್ಪಾ. ಕಾದಿದ್ದಳಾ?"

"ಆ ಪುಸ್ತಕ ನಾನು ಓದೇ ಇಲ್ಲಮ್ಮ" ಎಂದು ಗುಮಾಸ್ತ ಪ್ರಮಾಣಪತ್ರವನ್ನು ಅವಳ ಕೈಗಿಟ್ಟ.

ಅಮ್ಮ ಅದೇ ಇಲಾಖೆಯಲ್ಲಿ ಮೂವತ್ತು ವರ್ಷ ಬೆರಳಚ್ಚುಗಾರ್ತಿಯಾಗಿದ್ದವಳು. ಉಬ್ಬುಮೊಹರಿನ ಮೇಲೆ ಬೆರಳಾಡಿಸಿದಳು.

"ಮೊಹರು ಅಸಲಿ" ಎಂದಳು. "ಆದ್ರೆ ನಾನು ಇಪ್ಪತ್ತಾರು ಅಧ್ಯಾಯ ಕೇಳಿಬಿಟ್ಟಿದ್ದೀನಲ್ಲೋ! ಪಿಂಚಣಿಗೆ ಕುತ್ತು ಬಂದೀತು. ನಾಳೆ ನನಗೂ ಒಂದು ಮಾಡಿಸ್ಕೊಂಡು ಬಾ, ಕೇಳಿಲ್ಲ ಅಂತ. ಮೂರು ಪ್ರತಿ ಇರಲಿ."