ಮೋಡ ಬಂದರೆ ತಟ್ಟೆಗೆ ಮಸಿ

ಆ ಮೋಡ ಒಂದು ದಿನ ತಡವಾಗಿ ಬಂದಿದ್ದರೆ ಭೂತಗನ್ನಡಿಯ ಗ್ರಹಚಾರ ಕೆಡುತ್ತಿರಲಿಲ್ಲ.

ಪಿಂಗಾಣಿ ಕಾರ್ಖಾನೆಯಲ್ಲಿ ತಟ್ಟೆಗಳ ಕಲೆ ಹುಡುಕುವ ಕೆಲಸ ಅವನದು; ಅದಕ್ಕೇ ಆ ಅಡ್ಡಹೆಸರು. ವರ್ಷಗಟ್ಟಲೆ ಸ್ಟೂಲಿನ ಮೇಲೆ ಬಗ್ಗಿ ಕೂತು ಅವನ ಕತ್ತು ಕೊಕ್ಕರೆಯ ಕತ್ತಾಗಿತ್ತು. ಈ ಸೆರೆ ಸಾಕೆಂದು ಕಂಪ್ಯೂಟರ್ ಕಲಿತು, ಕಲೆ ಹಿಡಿಯುವ ಕ್ಯಾಮೆರಾ ಕೂರಿಸಿದ್ದ. ಇವತ್ತು ಸಂಜೆ ಮಾಲೀಕರು ಒಪ್ಪಿದರೆ ಕ್ಯಾಮೆರಾದ ಉಸ್ತುವಾರಿ ಅವನಿಗೆ. ಇಲ್ಲದಿದ್ದರೆ ಮತ್ತೆ ಸ್ಟೂಲು.

ಕಿಟಕಿಯಾಚೆ ಮೋಡ ಸುಳಿಯಿತು. ತಟ್ಟೆಯ ಮೇಲೆ ನೆರಳು ಬಿತ್ತು. ಅದನ್ನೇ ಕಲೆಯೆಂದು ತಿಳಿದ ಯಂತ್ರ ಕೀಂ ಕೀಂ ಎಂದು ಅರಚುತ್ತಾ, ಹಾಲಿನಂಥ ತಟ್ಟೆಗಳನ್ನೆಲ್ಲ ಕಸಕ್ಕೆ ತಳ್ಳಿತು.

"ಕಿಟಕಿ ಮುಚ್ಚೋ ಮಾರಾಯ!" ಎಂದು ಪ್ಯಾಕಿಂಗಿನ ಮಾವ ಕಂಬಳಿ ತಂದು ಕಿಟಕಿಗೆ ಹೊದಿಸಿಯೇಬಿಟ್ಟರು. ಯಂತ್ರಕ್ಕೆ ಈಗ ಜಗತ್ತೇ ಕಲೆ.

"ಕತ್ತಲಲ್ಲಿ ಅದಾದ್ರೂ ಏನ್ ನೋಡುತ್ತೆ, ಪಾಪ," ಎಂದು ಲೆಕ್ಕದ ಅಕ್ಕ ತಮ್ಮ ಮೇಜಿನ ದೀಪ ತಂದು ತಟ್ಟೆಗೇ ಹಿಡಿದರು. ತಟ್ಟೆ ಫಳಕ್ ಎಂದಿತು. ಹೊಳಪಿನ ಗೆರೆಯನ್ನು ಬಿರುಕೆಂದುಕೊಂಡು ಯಂತ್ರ ಮತ್ತೆ ಬಾಯಿ ಬಡಿದುಕೊಂಡಿತು.

"ಕೈ ಮುಗೀತೀನಿ ಕಣಕ್ಕಾ, ಇಬ್ರೂ ಸ್ವಲ್ಪ ಆಚೆ ನಿಲ್ಲಿ!"

"ನೋಡಿದ್ರಾ ಮಾವ, ನಾಳೆ ಸಾಹೇಬ ಆಗೋನಿಗೆ ಇವತ್ತೇ ಗತ್ತು!"

ಭೂತಗನ್ನಡಿ ಕಂಬಳಿ ಕಿತ್ತು, ದೀಪ ಆರಿಸಿ, ಕಂಪ್ಯೂಟರಿಗೇ ಬುದ್ಧಿ ಹೇಳಿದ: ಚಿತ್ರದಲ್ಲಿ ಎಲ್ಲಿ ಕಪ್ಪೋ ಅಲ್ಲಿ ಬೆಳಕು ತುಂಬು, ಅಕ್ಕಪಕ್ಕಕ್ಕೆ ಸರಿಗಟ್ಟು, ಆಮೇಲೆ ಕಲೆ ಹುಡುಕು. ಮೋಡ ಬಂತು, ಬಿಸಿಲು ಬಂತು. ಯಂತ್ರ ಹೊಟ್ಟೆ ತುಂಬಿದ ಕೂಸಿನಂತೆ ಸುಮ್ಮನಿತ್ತು.

ಸಂಜೆ ಬಂದ ಮಾಲೀಕರು ತಟ್ಟೆಯೊಂದರ ಮೇಲೆ ಟೀ ಲೋಟದ ಅಚ್ಚೊತ್ತಿ ಒಳಗಿಟ್ಟರು. ಪರದೆಯಲ್ಲಿ ಬೆಳ್ಳಗಿನ ತಟ್ಟೆ: "ಶುಭ್ರ!" ಮಸಿ ಬಳಿದು ಇಟ್ಟರು: "ಶುಭ್ರ!" ನೆರಳಿನ ಜೊತೆ ಕಲೆಯನ್ನೂ ಅದು ತೊಳೆದು ಕೂತಿತ್ತು.

"ಏನಯ್ಯಾ ಇದು?" ಮಾಲೀಕರು ಸಿಡುಕುತ್ತಾ ಕ್ಯಾಮೆರಾದೊಳಗೇ ಇಣುಕಿದರು. ಪರದೆಯಲ್ಲಿ ಅವರ ಮುಖ ಮೂಡಿತು. ಕಣ್ಣಡಿಯ ಕಪ್ಪಿಲ್ಲ, ಕೆನ್ನೆಯ ಮಚ್ಚೆಯಿಲ್ಲ, ಹಣೆಯ ಸುಕ್ಕೂ ನಾಪತ್ತೆ. ಮದುವೆ ಗಂಡು!

"ತಪ್ಪಾಯ್ತು ಸಾರ್, ಈಗಲೇ ಸರಿಮಾಡ್ತೀನಿ..."

"ಮುಟ್ಟಿದ್ರೆ ಜೋಕೆ!" ಮಾಲೀಕರು ಗಲ್ಲ ಸವರಿಕೊಂಡರು. "ಭೇಷ್! ಯಂತ್ರ ಪಾಸು!"

"ಹಾಗಾದ್ರೆ ಉಸ್ತುವಾರಿ ನಂಗೇ ಅಲ್ವಾ ಸಾರ್?"

"ಅದನ್ನ ನಮ್ಮನೆಯವಳೇ ನೋಡ್ಕೋತಾಳೆ ಬಿಡು. ಮನೆಗೆ ತಗೊಂಡು ಹೋಗ್ತೀನಿ. ತಟ್ಟೆ ನೋಡೋಕೆ ಹೇಗಿದ್ರೂ ನೀನಿದೀಯಲ್ಲ!"

ಕ್ಯಾಮೆರಾ, ಕಂಪ್ಯೂಟರ್ ಎರಡೂ ಕಾರು ಹತ್ತಿದವು. ಲೆಕ್ಕದ ಅಕ್ಕ ಸೆರಗಿನಿಂದ ಸ್ಟೂಲಿನ ಧೂಳು ಒರೆಸಿದರು.

"ಬಾರಪ್ಪಾ ಸಾಹೇಬ, ಕೂತ್ಕೋ. ಮೋಡ ಕವಿದಿದೆ, ದೀಪ ಹಿಡೀಲಾ?"