ಆನೆಯ ಕಿವಿ ಮತ್ತು ಪಾಚಿ ಪಾಲಕ

ಪುತ್ತಿಗೆಯ ರಸ್ತೆ ಬದಿಯಲ್ಲಿರುವ ಹಳೆಯ ಕಲ್ಲುಕಂಬವು ಕೊಳಕಾಗಿದೆ ಎಂಬ ವಿಷಯದಲ್ಲಿ ಊರವರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಇಂಥ ಒಮ್ಮತ ಮತ್ತೆ ಸಿಗಲಾರದೆಂದು ತಕ್ಷಣ ಕಂಬ ಸಂರಕ್ಷಣಾ ಸಮಿತಿಯನ್ನು ರಚಿಸಲಾಯಿತು. ಚಿನ್ನಯ್ಯನವರು ಅಧ್ಯಕ್ಷರಾದರು.

ಕೆಲಸ ತೋಡಾರಿನ ನಿಝಾರನಿಗೆ ಸಿಕ್ಕಿತು. ಗಲ್ಫಿನಲ್ಲಿ ಹಡಗುಗಳ ತಳಕ್ಕಂಟಿದ ಪಾಚಿ, ಚಿಪ್ಪು ಕಿತ್ತು ಕೈ ಪಳಗಿದವನು. ಪ್ರತಿ ಸಲ ಹೊರಡುವಾಗ ಮಗಳು ಹನಾ ಸೂಟ್‌ಕೇಸಿನ ಮೇಲೆ ಕುಳಿತು ಏಳುತ್ತಿರಲಿಲ್ಲ. ಅವಳನ್ನು ಎಬ್ಬಿಸಿ ಎಬ್ಬಿಸಿ ಅವನಿಗೆ ಸಾಕಾಗಿತ್ತು. ಕಂಬ ಬೆಳಗಿದರೆ ಇಂಥದೇ ಕೆಲಸಗಳು ಸಿಕ್ಕಿ ಊರಲ್ಲೇ ಬದುಕು, ಇಲ್ಲವಾದರೆ ಮತ್ತೆ ವಿಮಾನ.

"ಯಂತ್ರದಲ್ಲಿ ಮರಳು ಹೊಡೆದರೆ ಕೆತ್ತನೆಯೇ ಹಾರಿ ಹೋಗ್ತದೆ ಚಿನ್ನಯ್ಯಣ್ಣ. ಗೆರಟೆಯ ಹುಡಿಯನ್ನು ಮೆಲ್ಲ ಗಾಳಿಯಲ್ಲಿ ಊದುವ. ಮೊದಲು ಅಂಗೈಯಗಲ ಮಾಡಿ ನೋಡ್ತೇನೆ."

ತೆಂಗಿನ ಕರಟದ ಆ ಹುಡಿ ತಾಗಿದ್ದೇ ತಡ, ಪಾಚಿಯಡಿಯಿಂದ ಆನೆಯ ಕಿವಿಯೊಂದು ಹೊರಬಂತು. ಅಂಥ ಚಂದದ ಕಿವಿಯನ್ನು ಊರು ಕಂಡಿರಲಿಲ್ಲ. ಅಂದೇ ಸಮಿತಿ ಕರೆಸಿದ ಅತಿಥಿಗಳೂ ಬಂದಿದ್ದರು. ಬಂದ ಅತಿಥಿಗಳನ್ನು ಉದ್ಘಾಟನೆಯಿಲ್ಲದೆ ಕಳಿಸುವ ಕ್ರಮ ನಮ್ಮಲ್ಲಿಲ್ಲವಾದ್ದರಿಂದ, ಕಿವಿಯನ್ನೇ ಉದ್ಘಾಟಿಸಿ, ನಿಝಾರನಿಗೆ ಶಾಲು ಹೊದಿಸಲಾಯಿತು.

ಮರುದಿನ ಅವನು ಯಂತ್ರ ತಂದಾಗ ಚಿನ್ನಯ್ಯನವರು ಅಡ್ಡ ನಿಂತರು.

"ಉದ್ಘಾಟನೆ ಆದ ಮೇಲೆ ಎಂಥ ಕೆಲಸ ಮಾರಾಯ?"

"ಉಳಿದ ಆನೆ ಒಳಗೆ ಉಂಟಲ್ಲ ಅಣ್ಣ!"

"ಇರಲಿ, ಅದು ಎಲ್ಲಿಗೆ ಹೋಗ್ತದೆ? ಪೂರ್ತಿ ತೊಳೆದರೆ ಮೊದಲು ಎಷ್ಟು ಕೊಳಕಿತ್ತು ಅಂತ ಜನರಿಗೆ ತೋರಿಸುವುದು ಹೇಗೆ?"

ಸಂಜೆಯೊಳಗೆ ಪ್ರಕಟಣೆ ಬಿತ್ತು: 'ಕಿವಿಯ ಹೊರತು ಕಂಬದ ಯಾವುದೇ ಭಾಗವನ್ನು ಸ್ವಚ್ಛಗೊಳಿಸುವುದನ್ನು ನಿಷೇಧಿಸಲಾಗಿದೆ. ಮಳೆಯಿಂದಾಗುವ ಸ್ವಚ್ಛತೆಗೆ ಸಮಿತಿ ಹೊಣೆಯಲ್ಲ.'

ನಿಝಾರ್ ಉರಿದುಹೋದ. ಕಣ್ಣೆದುರಿನ ಆನೆಯನ್ನು ಬಿಟ್ಟುಹೋಗುವ ಸಂಕಟ ಒಂದು, ಹನಾಳ ಮುಖ ಇನ್ನೊಂದು. ಬೇರೆ ದಾರಿ ಕಾಣದೆ ಟಿಕೆಟ್ ಮಾಡಿಸಿದ.

ಅಷ್ಟರಲ್ಲಿ ಬೇಸಿಗೆ ಬಂತು. ಪಾಚಿ ಒಣಗಿ ಉದುರತೊಡಗಿತು. ಚಿನ್ನಯ್ಯನವರು ಏದುಸಿರು ಬಿಡುತ್ತಾ ತೋಡಾರಿಗೆ ಓಡಿಬಂದರು.

"ಸೊಂಡಿಲು ಹೊರಗೆ ಬರ್ತಾ ಉಂಟು ಮಾರಾಯ! ಏನಾದರೂ ಮಾಡು!"

"ಮಜ್ಜಿಗೆ ಚಿಮುಕಿಸಿ ನೆರಳು ಮಾಡಿ. ಪಾಚಿ ಪುನಃ ಹಿಡೀತದೆ," ಎಂದ ನಿಝಾರ್, ಸೂಟ್‌ಕೇಸಿನಿಂದ ತಲೆಯೆತ್ತದೆ.

ಅಧ್ಯಕ್ಷರ ಹಿಂದೆಯೇ ಓಡಿಬಂದ ಸಮಿತಿಯು ಅಲ್ಲೇ, ಅಂಗಳದಲ್ಲೇ ಸಭೆ ಸೇರಿ, ಅವನನ್ನು ಖಾಯಂ ಪಾಚಿ ಪಾಲಕನನ್ನಾಗಿ ನೇಮಿಸಿತು.

"ನಾನು ತೊಳೆಯುವವ ಅಣ್ಣ."

"ಅದಕ್ಕೇ ನೀನು. ಕೊಳಕಿನ ಬೆಲೆ ಬೇರೆ ಯಾರಿಗೆ ಗೊತ್ತುಂಟು?"

ಒಳಗಿನಿಂದ ಹೆಂಡತಿ ನುಸ್ರತ್ ಉತ್ತರಕ್ಕೆ ಕಾಯದೆ ಮಜ್ಜಿಗೆಯ ಚೊಂಬು ತಂದಿಟ್ಟಳು. ಹನಾ ಸೂಟ್‌ಕೇಸಿನಿಂದ ಅಂಗಿಗಳನ್ನು ಒಂದೊಂದಾಗಿ ಹೊರಗೆಸೆದಳು.

ಈಗ ಕಂಬ ಹುಲುಸಾಗಿದೆ. ಬಂಟ್ವಾಳ, ಬೆಳ್ತಂಗಡಿಗಳ ಸಮಿತಿಗಳೂ ಬಂದು, ತಮ್ಮಲ್ಲಿ ಕಲ್ಲುಗಳು ದುರದೃಷ್ಟವಶಾತ್ ಸ್ವಚ್ಛವಾಗಿಯೇ ಇದ್ದು ಉದ್ಘಾಟನೆಗೆ ತೊಂದರೆಯಾಗಿದೆ, ಬೇಗ ಪಾಚಿ ಹಿಡಿಸಿಕೊಡಬೇಕು ಎಂದು ಕೇಳಿಕೊಂಡಿವೆ. ನಿಝಾರನಿಗೆ ಪುರುಸೊತ್ತಿಲ್ಲ.

ಒಮ್ಮೊಮ್ಮೆ ಮಾತ್ರ ಆ ಆನೆಯನ್ನು ನೆನೆದು ಅವನ ಕೈ ತುರಿಸುತ್ತದೆ. ನುಸ್ರತ್‌ಗೆ ಅದು ಗೊತ್ತು.

"ಅಷ್ಟು ಆಸೆಯಾದರೆ ಅಡುಗೆಮನೆಯಲ್ಲಿ ಮಸಿ ಹಿಡಿದ ಪಾತ್ರೆ ಉಂಟು, ತಿಕ್ಕಿ. ಕಂಬಕ್ಕೆ ಕೈ ಹಚ್ಚಿದಿರೋ, ನೋಡಿ!"

ಅವನು ಹೋಗಿ ಪಾತ್ರೆ ತಿಕ್ಕುತ್ತಾನೆ.