ದೋಣಿಯ ಮೂಗು ಮತ್ತು ಸುಶೀಲತ್ತೆ

ಪುತ್ತೂರು, ಸುಳ್ಯ, ಕಡಬದ ಕಡೆಯ ನಮಗೆ ಮರದ ವಿಷಯದಲ್ಲಿ ಒಂದು ಬಗೆಯ ಜಂಬವಿದೆ. ಕಡಲತೀರದವರು ಮೀನಿನ ಬಗ್ಗೆ ಮಾತಾಡುವ ಧಾಟಿಯಲ್ಲೇ ನಾವು ಮರದ ಬಗ್ಗೆ ಮಾತಾಡುತ್ತೇವೆ. ಯಾರದಾದರೂ ಹೊಸ ಮನೆಯ ಒಕ್ಕಲಿಗೆ ಹೋದರೆ ಮೊದಲು ಬಾಗಿಲಿಗೆ ಬೆರಳಿನ ಗೆಣ್ಣಿನಿಂದ ಕುಟ್ಟಿ "ಹೆಬ್ಬಲಸಾ?" ಎಂದು ಕೇಳುತ್ತೇವೆ. ಅವರು "ಅಲ್ಲ, ಬೋಗಿ" ಎಂದರೆ "ನನಗೂ ಹಾಗೇ ಕಂಡಿತು" ಎಂದು ತಲೆಯಾಡಿಸಿ ಊಟಕ್ಕೆ ನಡೆಯುತ್ತೇವೆ. ನಾನು ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಪುತ್ತೂರಿನಲ್ಲಿ ನನ್ನ ಕ್ಲಿನಿಕ್ಕು. ಮರಕ್ಕೂ ನನಗೂ ಇರುವ ನಂಟು ಹೆಚ್ಚೆಂದರೆ ಹಲ್ಲುಕಡ್ಡಿಯವರೆಗೆ. ಆದರೂ ನಮ್ಮ ರಘು ಭಾವ "ಒಂದು ಒಳ್ಳೆಯ ಮರ ಬೇಕಿತ್ತು" ಎಂದು ಫೋನಿನಲ್ಲಿ ಹೇಳಿದಾಗ "ಮರವಾ? ಮರ ನಮ್ಮ ಊರಲ್ಲಿ ಸಿಗದೆ ಮತ್ತೆಲ್ಲಿ ಸಿಗುದು? ನನಗೆ ಬಿಡಿ" ಎಂದುಬಿಟ್ಟೆ. ಪಕ್ಕದಲ್ಲಿ ಕೂತು ಬೀನ್ಸ್ ಮುರಿಯುತ್ತಿದ್ದ ನನ್ನ ಹೆಂಡತಿ ಶೈಲಾ ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿ ಮತ್ತೆ ತಲೆ ತಗ್ಗಿಸಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಆ ನೋಟದ ಅರ್ಥ ನನಗೆ ಗೊತ್ತಾಗುತ್ತದೆ. ಗೊತ್ತಾಗುವ ಹೊತ್ತಿಗೆ ಯಾವಾಗಲೂ ಸ್ವಲ್ಪ ತಡವಾಗಿರುತ್ತದೆ, ಅಷ್ಟೆ.

ರಘು ಭಾವ ಎಂದರೆ ಶೈಲಾಳ ಅಕ್ಕನ ಗಂಡ, ನನ್ನ ಷಡ್ಡಕ. ಹಡಗಿನ ಎಂಜಿನ್ ಕೋಣೆಯಲ್ಲಿ ಆಯುಷ್ಯ ಕಳೆದವರು. ಲೋಕದ ಎಲ್ಲ ಕಡಲುಗಳ ಮೇಲೆ ಓಡಾಡಿದ್ದರೂ ಕೆಲಸದ ಹೊತ್ತಿನಲ್ಲಿ ಅವರು ನೋಡಿದ್ದು ಕಬ್ಬಿಣದ ಗೋಡೆಯನ್ನು ಮಾತ್ರವಂತೆ. ನಿವೃತ್ತಿಯಾಗಿ ಮಂಗಳೂರಿನಲ್ಲಿ ಮನೆ ಮಾಡಿದ ಮೇಲೆ ಅವರ ಮಾತು ಕಡಿಮೆಯಾಗುತ್ತ ಬಂತು. ಬೆಳಿಗ್ಗೆ ಪೇಪರು, ಮಧ್ಯಾಹ್ನ ನಿದ್ದೆ, ಸಂಜೆ ಮತ್ತದೇ ಪೇಪರು. ಹೀಗಿದ್ದವರು ಒಂದು ದಿನ ಯಾರೋ ಮಾರುತ್ತಿದ್ದ ಹಳೆಯ ಮರದ ಹಾಯಿದೋಣಿಯನ್ನು ಕೊಂಡುಕೊಂಡರು. ಒಂದು ಮದುವೆ ಊಟದಲ್ಲಿ, ಎರಡನೆಯ ಸಲ ಪಾಯಸ ಬರುವ ಹೊತ್ತಿಗೆ, ನಾನೂ ಅದರಲ್ಲಿ ಅರ್ಧ ಪಾಲುದಾರನಾಗಿಬಿಟ್ಟಿದ್ದೆ. ಪಾಲುದಾರ ಎಂದರೆ ಏನು ಮಹಾ? ದೋಣಿಯನ್ನು ಹೊಳೆಬದಿಯಲ್ಲಿ ಕಟ್ಟಿಹಾಕಿದ್ದಾಗ ಅದರಲ್ಲಿ ಕೂತು ಫೋಟೊ ತೆಗೆಸಿಕೊಂಡಿದ್ದೆ. ಆ ಫೋಟೊ ಕ್ಲಿನಿಕ್ಕಿನ ಗೋಡೆಯ ಮೇಲೆ, ಹಲ್ಲುಜ್ಜುವ ವಿಧಾನದ ಚಿತ್ರದ ಪಕ್ಕದಲ್ಲಿದೆ. ರೋಗಿಗಳು ಬಾಯಿ ತೆರೆದುಕೊಂಡು ಅದನ್ನೇ ನೋಡುತ್ತಿರುತ್ತಾರೆ. ಪ್ರಶ್ನೆ ಕೇಳಲಾಗುವುದಿಲ್ಲ, ಅದೊಂದು ಅನುಕೂಲ.

ಆ ದೋಣಿಯ ಮುಂತುದಿಯಿಂದ ನೀರಿನ ಮೇಲೆ ಉದ್ದಕ್ಕೆ ಚಾಚಿಕೊಂಡಂತೆ ಒಂದು ಮರದ ಕಂಬವಿದೆ. ಬೌಸ್ಪ್ರಿಟ್ ಎನ್ನುತ್ತಾರೆ. ನಾನು ಮೂಗು ಎನ್ನುತ್ತೇನೆ. ಮುಂದಿನ ಹಾಯಿಯನ್ನು ಕಟ್ಟುವುದು ಅದರ ತುದಿಗೆ. ನಡುವಿನ ಎತ್ತರದ ಹಾಯಿಕಂಬ ಹಿಂದಕ್ಕೆ ಬೀಳದಂತೆ ಎಳೆದು ಹಿಡಿಯುವ ತಂತಿ ಬಂದು ಸೇರುವುದೂ ಅಲ್ಲಿಗೇ. ಶಿವರಾತ್ರಿ ಕಳೆದ ಮೇಲೆ ನಾವು ಮಂಗಳೂರಿಗೆ ಹೋಗಿದ್ದಾಗ ರಘು ಭಾವ ನನ್ನನ್ನು ಕರೆದೊಯ್ದು, ಆ ಕಂಬದ ಬುಡಕ್ಕೆ ಒಂದು ಸ್ಕ್ರೂಡ್ರೈವರ್ ಒತ್ತಿ ತೋರಿಸಿದರು. ಅದು ಹಣ್ಣು ಪಪ್ಪಾಯಿಗೆ ಹೊಕ್ಕಂತೆ ಹೊಕ್ಕಿತು. ಇಂಥದ್ದನ್ನು ನಾನು ದಿನಾ ನೋಡುತ್ತೇನೆ. ಹೊರಗೆ ಬಣ್ಣ ಚಂದ, ಒಳಗೆ ಹುಳುಕು. "ಕೀಳುದೇ ಭಾವ, ಬೇರೆ ದಾರಿ ಇಲ್ಲ" ಎಂದೆ. ಆಗ ಅವರು ವಿಷಯ ಹೇಳಿದರು. ಯಾವುದೋ ರೆಸಾರ್ಟಿನವರು ದೋಣಿಯನ್ನು ಕೇಳಿಕೊಂಡು ಬಂದಿದ್ದಾರಂತೆ. ಊಟದ ಹಾಲ್‌ನ ನಡುವೆ ಇಟ್ಟು, ಅದರ ತುಂಬ ಮಂಜುಗಡ್ಡೆ ಸುರಿದು, ಮೇಲೆ ಸಲಾಡ್ ಜೋಡಿಸುತ್ತಾರಂತೆ. ಶೈಲಾಳ ಅಕ್ಕನಿಗೂ ಕೊಡುವ ಮನಸ್ಸುಂಟಂತೆ. "ಮಳೆಗಾಲದ ಮೊದಲು ಒಂದು ಸಲವಾದರೂ ಹಾಯಿ ಏರಿಸಲಿಕ್ಕೆ ಆಗದಿದ್ದರೆ ಕೊಟ್ಟುಬಿಡುದು ಅಂತ ಮಾತಾಗಿದೆ" ಎಂದರು. ಸವತೆಕಾಯಿಯ ಹೋಳುಗಳ ಅಡಿಯಲ್ಲಿ ನಮ್ಮ ದೋಣಿಯನ್ನು ಕಲ್ಪಿಸಿಕೊಂಡು ಅವತ್ತು ಊಟಕ್ಕೆ ನಾನು ಕೋಸಂಬರಿ ಮುಟ್ಟಲಿಲ್ಲ.

ಆಮೇಲೆ ಫೋನು ಬಂತು, ನಾನು ಜಂಬದ ಮಾತಾಡಿದೆ. ಜಂಬ ಇಳಿಯಲು ಒಂದು ವಾರ ಸಾಕಾಯಿತು. ಪುತ್ತೂರಿನ ಮರದ ಮಿಲ್ಲುಗಳಲ್ಲಿ ಬಾಗಿಲಿಗೆ, ಕಿಟಕಿಗೆ, ಮಂಚದ ಕಾಲಿಗೆ ಬೇಕಾದದ್ದು ಧಾರಾಳವಾಗಿತ್ತು. ಆದರೆ ಎಂಟು ಅಡಿ ಉದ್ದದ, ಒಂದೂ ಗಂಟಿಲ್ಲದ, ನೇರವಾಗಿ ಬೆಳೆದು ವರ್ಷಗಟ್ಟಲೆ ಒಣಗಿದ ಗಟ್ಟಿ ಕಂಬ ಮಾತ್ರ ಇರಲಿಲ್ಲ. ಸುಳ್ಯದಲ್ಲಿ ಒಬ್ಬರು ತೋರಿಸಿದ ಸಾಗುವಾನಿ ಕೈಯಲ್ಲಿ ಮುಟ್ಟಿದರೆ ತಣ್ಣಗಿತ್ತು, ಮೊನ್ನೆ ಕಡಿದದ್ದು. ಮರ್ಕಂಜದ ಪೇಷಂಟ್ ಒಬ್ಬರು ಪ್ರೀತಿಯಿಂದ ಒಂದು ಕಂಬವನ್ನು ಜೀಪಿನಲ್ಲಿ ಹಾಕಿಕೊಂಡು ಬಂದರು. ಅದು ನೇರವಾಗಿಯೇ ಇತ್ತು, ಅರ್ಧದವರೆಗೆ. ಮಿಲ್ಲಿನವರೊಬ್ಬರು ನನ್ನ ಅವಸ್ಥೆ ನೋಡಲಾರದೆ "ಸ್ಟೀಲಿನ ಪೈಪ್ ಹಾಕಿ ಡಾಕ್ಟ್ರೆ, ಮೇಲಿಂದ ಮರದ ಪೈಂಟ್ ಹೊಡೆದರೆ ಯಾರಿಗೆ ಗೊತ್ತಾಗ್ತದೆ?" ಎಂದರು. ರಘು ಭಾವನಿಗೆ ಇದನ್ನು ಹೇಳಿದೆ. ಫೋನ್ ಕಟ್ಟಾಯಿತೇನೋ ಎಂದು ನಾನು ಎರಡು ಸಲ "ಹಲೋ" ಎಂದೆ.

ಹೀಗಿರುವಾಗ ಒಂದು ಆದಿತ್ಯವಾರ ಪೆರಾಬೆಗೆ, ಸುಶೀಲತ್ತೆಯ ಮನೆಗೆ ಹೋದೆವು. ನನ್ನ ಅಪ್ಪನ ತಂಗಿ. ಶಾಲೆಯಲ್ಲಿ ಡ್ರಿಲ್ ಟೀಚರಾಗಿದ್ದವರು. ಎಪ್ಪತ್ತೈದು ದಾಟಿದೆ, ಆದರೆ ಅವರ ಮುಂದೆ ಇವತ್ತಿಗೂ ಯಾರೂ ಗೋಡೆಗೆ ಒರಗಿ ನಿಲ್ಲುವುದಿಲ್ಲ. ಮಾವ ಕೂಡ ಊಟದ ಮಣೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಕೈ ತೊಳೆಯಲೆಂದು ಹಿತ್ತಲಿಗೆ ಹೋದವನು ಅಲ್ಲೇ ನಿಂತುಬಿಟ್ಟೆ. ಎರಡು ಕವೆಗೋಲುಗಳ ಮೇಲೆ ಅಡ್ಡಕ್ಕೆ ಒಂದು ಉದ್ದನೆಯ ಕಂಬ. ಉರುಟಾದ, ತುದಿಗೆ ಹೋದಂತೆ ಸಪೂರವಾಗುತ್ತ ಹೋಗುವ, ಕಣ್ಣಳತೆಗೆ ಕೂದಲೆಳೆಯಷ್ಟೂ ವಾಲದ ಹಳೆಯ ಸಾಗುವಾನಿ. ಅದರ ಮೇಲೆ ಎರಡು ಹಾಸಿಗೆಗಳೂ ಮಾವನ ಒಂದು ಬನಿಯನೂ ಬಿಸಿಲು ಕಾಯುತ್ತಿದ್ದವು. ನನಗೆ ಹಸಿವೇ ಹೋಯಿತು. ಊಟದ ನಡುವೆ ಸಹಜವಾಗಿ ಎಂಬಂತೆ "ಅತ್ತೆ, ಹಿತ್ತಲಿನ ಆ ಬಟ್ಟೆ ಒಣಗಿಸುವ ಕೋಲು ಕತ್ತರಿಸಿ ದೋಣಿಗೆ ಹಾಕಲಿಕ್ಕೆ ಬೇಕಿತ್ತು" ಎಂದೆ.

ಸೌಟು ಹುಳಿಯ ಪಾತ್ರೆಯ ಮೇಲೆ ಹಾಗೇ ನಿಂತಿತು. "ಯಾವ ಕೋಲು?"

"ಅದೇ, ಹಾಸಿಗೆ ಹಾಕಿದ್ದು."

"ಅದು ಕೋಲಲ್ಲ ಮಾರಾಯ, ಅದು ಶಾಲೆಯ ಧ್ವಜಸ್ತಂಭ!"

ಆಗ ತಿಳಿಯಿತು. ಶಾಲೆಯಲ್ಲಿ ಹೊಸದಾಗಿ ಸ್ಟೀಲಿನ ಕಂಬ ಹಾಕಿಸಿದಾಗ ಹಳೆಯದನ್ನು ಬಿಸಿಯೂಟದ ಒಲೆಗೆ ಒಡೆಯಲು ಹೊರಟಿದ್ದರಂತೆ. ಅತ್ತೆ ಅದನ್ನು ಬಿಡಿಸಿ ಮನೆಗೆ ತಂದಿದ್ದರು. "ಅದರ ಬುಡದಲ್ಲಿ ಎಷ್ಟು ವರ್ಷ ಸಲ್ಯೂಟ್ ಹೊಡೆದು ನಿಂತಿದ್ದೇನೆ ಗೊತ್ತುಂಟಾ? ಅದನ್ನು ನೀನು ಗರಗಸ ಹಾಕಿ ತುಂಡು ಮಾಡುದು, ಉಪ್ಪುನೀರಿಗೆ ಹಾಕುದು!" ನಾನು ಬುದ್ಧಿವಂತಿಕೆ ತೋರಿಸಲು ಹೋಗಿ "ಮತ್ತೆ ಅದರ ಮೇಲೆ ಮಾವನ ಬನಿಯನ್ ಉಂಟಲ್ಲ ಅತ್ತೆ?" ಎಂದೆ. ಮಾವ ತಟ್ಟೆಯಲ್ಲಿ ಮುಖ ಹುದುಗಿಸಿದರು. ಅವತ್ತು ನನಗೆ ಮಜ್ಜಿಗೆ ಬರಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಶೈಲಾ ಹೇಳಿದಳು, "ನೀವು ಕೇಳಿದ್ದೇ ಸರಿಯಿಲ್ಲ ಮಾರಾಯ್ರೆ. ದೋಣಿಗೆ ಮರ ಬೇಕು ಅಂದ್ರಿ. ಆ ದೋಣಿ ಯಾರಿಗೆ ಬೇಕು, ಯಾಕೆ ಬೇಕು ಅಂತ ಹೇಳಲೇ ಇಲ್ಲ. ರಘು ಭಾವನನ್ನೇ ಕರ್ಕೊಂಡು ಹೋಗಿ." ನನಗೆ ನಂಬಿಕೆ ಇರಲಿಲ್ಲ. ಮಾತೇ ಆಡದ ಮನುಷ್ಯ ಅತ್ತೆಯ ಎದುರು ನಿಂತು ಏನು ಹೇಳಿಯಾರು? ಆದರೂ ಮುಂದಿನ ವಾರ ಕರೆದುಕೊಂಡು ಹೋದೆ. ಅತ್ತೆ ಜಗಲಿಯಲ್ಲಿ ಕೂತಿದ್ದರು, ನನಗೆ ಮುಖ ಕೊಡದೆ. ರಘು ಭಾವ ನಮಸ್ಕಾರ ಮಾಡಿ, ಅಲ್ಲೇ ಇದ್ದ ಮಾವನ ಕೊಡೆಯನ್ನು ಎತ್ತಿಕೊಂಡು ಅಂಗಳಕ್ಕೆ ಇಳಿದು ವಿವರಿಸಲು ತೊಡಗಿದರು. ಇದು ದೋಣಿ, ಇದು ಹಾಯಿ, ಗಾಳಿ ಹೀಗೆ ಬರುತ್ತದೆ, ಬಂದಾಗ ಮುಂದಿನ ಹಾಯಿಯ ಎಳೆತವೆಲ್ಲ ಈ ಒಂದು ಕಂಬದ ಮೇಲೆ. ಹೇಳುತ್ತ ಹೇಳುತ್ತ ಅವರ ದನಿ ಏರಿತು. ಕೊಡೆ ಬಿಚ್ಚಿಕೊಂಡಿತು. ಎಂಜಿನ್ ಕೋಣೆಯಲ್ಲಿದ್ದಾಗ ಮೇಲೆ ಗಾಳಿ ಬೀಸುವುದು ಕಿವಿಗೆ ಕೂಡ ಬೀಳುತ್ತಿರಲಿಲ್ಲವೆಂದೂ, ಒಮ್ಮೆಯಾದರೂ ಎಂಜಿನ್ನಿಲ್ಲದೆ ಬರೀ ಗಾಳಿಯಲ್ಲಿ ಹೋಗಬೇಕೆಂದು ಆಗಲೇ ಅಂದುಕೊಂಡಿದ್ದೆನೆಂದೂ ಹೇಳಿದರು. ಅವರು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಅತ್ತೆ ಕೊಡೆಯಿಂದ ಕಣ್ಣು ತೆಗೆಯದೆ ಎಲ್ಲ ಕೇಳಿಸಿಕೊಂಡರು. ಆಮೇಲೆ "ಕಂಬ ಅಡ್ಡ ಮಲಗಿರ್ತದಾ?" ಎಂದರು.

"ಇಲ್ಲ ಅತ್ತೆ, ಸ್ವಲ್ಪ ಮೇಲಕ್ಕೆ ಮುಖ ಮಾಡಿ ಇರ್ತದೆ. ಎಲ್ಲರಿಗಿಂತ ಮುಂದೆ."

"ಗಾಳಿ ಉಂಟಾ ಅಲ್ಲಿ?"

"ಯಾವಾಗಲೂ."

ಅತ್ತೆ ಎದ್ದು ಹಿತ್ತಲಿಗೆ ಹೋದರು. ನಾವೂ ಹಿಂದೆ ಹೋದೆವು. ಅವರು ಹಾಸಿಗೆಯ ಮೂಲೆಯನ್ನು ಎತ್ತಿ ಕಂಬದ ಮೇಲೆ ಕೈಯಾಡಿಸಿ, "ಇಲ್ಲಿ ಇದಕ್ಕೆ ಸಿಕ್ಕಿದ್ದು ಹಾಸಿಗೆಯೇ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಮಾವನ ಕಡೆ ತಿರುಗಿ "ನಿಮ್ಮ ಬನಿಯನ್ ತೆಗೀರಿ" ಎಂದರು. ನಾವು ಹೊರಡುವಾಗ ಒಂದು ಷರತ್ತು ಹಾಕಿದರು. "ನಾನು ಬಂದು ನೋಡ್ತೇನೆ. ಸ್ವಲ್ಪ ಅಲುಗಾಡಿದರೂ ವಾಪಸು ತರುದು."

ಅಳತೆಗೆ ಕತ್ತರಿಸಿದ ಕಂಬವನ್ನು ಕಾರಿನ ಮೇಲೆ ಕಟ್ಟಿ, ತುದಿಗೆ ಕೆಂಪು ಬಟ್ಟೆ ಸಿಕ್ಕಿಸಿ ಪುತ್ತೂರಿಗೆ ತಂದದ್ದಾಯಿತು. ಬುಡದ ತುಂಡು ಹಾಸಿಗೆಗಳ ಸೇವೆಗೆ ಪೆರಾಬೆಯಲ್ಲೇ ಉಳಿಯಿತು. ಅದಕ್ಕೂ ಮೊದಲೇ ಮಂಗಳೂರಿನಲ್ಲಿ ರಘು ಭಾವ ಹಳೆಯ ಮೂಗನ್ನು ಹೇಗೆ ಕಿತ್ತರೆಂದು ನಾನು ನೋಡಿದ್ದೆ. ಮೊದಲು ಹಾಯಿಕಂಬವನ್ನು ಬೇರೊಂದು ಹಗ್ಗದಿಂದ ಮುಂದಕ್ಕೆ ಎಳೆದು ಕಟ್ಟಿ, ಆಮೇಲೆಯೇ ತಂತಿ ಸಡಿಲಿಸಿದ್ದರು. ಇಲ್ಲದಿದ್ದರೆ ಮೂಗು ಕೀಳಲು ಹೋಗಿ ಬೆನ್ನೆಲುಬೇ ಮುರಿಯುತ್ತಿತ್ತು. ಈಗ ಅವರು ಅಲ್ಲಿಂದ ತಂದ ಆ ಹಳೆಯ ಮೂಗನ್ನು ಪಕ್ಕದಲ್ಲಿಟ್ಟುಕೊಂಡು, ಅದರ ಅಳತೆಗೆ ಸರಿಯಾಗಿ ಹೊಸದನ್ನು ಕ್ಲಿನಿಕ್ಕಿನ ಹಿಂದಿನ ಶೆಡ್ಡಿನಲ್ಲಿ ಕೆತ್ತತೊಡಗಿದೆವು. ಭಾವ ನಮ್ಮ ಮನೆಯಲ್ಲೇ ಉಳಿದರು. ಅತ್ತೆ ಬಟ್ಟೆಯ ಹಗ್ಗ ಕಟ್ಟಲೆಂದು ಹೊಡೆದ ಮೊಳೆಗಳು ತಲೆ ಮುರಿದುಕೊಂಡು ಒಳಗೇ ಕೂತಿದ್ದವು. ಅವನ್ನು ನಾನು ದವಡೆಹಲ್ಲು ಕೀಳುವ ಇಕ್ಕಳದಿಂದ ಒಂದೊಂದಾಗಿ ಕಿತ್ತೆ. ಅಭ್ಯಾಸಬಲದಿಂದ "ನೋವಾದರೆ ಕೈ ಎತ್ತಿ" ಎಂದೂ ಹೇಳಿದೆ. ತುದಿಗೆ ಹಾಕುವ ಕಬ್ಬಿಣದ ಬಳೆ ಬಿಗಿಯಾದಾಗ ನನ್ನ ಹಲ್ಲು ಕೊರೆಯುವ ಯಂತ್ರದಿಂದ ಮರವನ್ನು ನವಿರಾಗಿ ಸವೆಸಿದೆ. ಹೊರಗೆ ಕೂತಿದ್ದ ಬೆಟ್ಟಂಪಾಡಿಯ ಹೆಂಗಸೊಬ್ಬರು ಆ ಸದ್ದು ಕೇಳಿ, ಬಾಗಿಲ ಸಂದಿಯಿಂದ ಹಾರಿಬಂದ ಮರದ ಪುಡಿಯನ್ನೂ ನೋಡಿ, "ನನಗೆ ಈಗ ಕಡಿಮೆ ಉಂಟು ಡಾಕ್ಟ್ರೆ" ಎಂದು ಎದ್ದು ಹೋದರು.

ಮೇ ತಿಂಗಳ ಒಂದು ಬೆಳಿಗ್ಗೆ ಅತ್ತೆ, ಮಾವ, ಶೈಲಾ ಎಲ್ಲರನ್ನೂ ಮಂಗಳೂರಿಗೆ ಕರೆದೊಯ್ದೆ. ಮೂಗು ಎಣ್ಣೆ ಕುಡಿದು ಜೇನುಬಣ್ಣಕ್ಕೆ ತಿರುಗಿ ತನ್ನ ಜಾಗದಲ್ಲಿ ಕೂತಿತ್ತು. ಅತ್ತೆ ಅದನ್ನು ಎರಡೂ ಕೈಯಿಂದ ಹಿಡಿದು ಅಲುಗಿಸಿ ನೋಡಿದರು. ಅದು ಅಲುಗಲಿಲ್ಲ, ದೋಣಿಯೇ ಅಲುಗಿತು. "ಸರಿ" ಎಂದರು. ನಾನು ಅದನ್ನು ಒಪ್ಪಿಗೆ ಎಂದುಕೊಂಡು ಉಸಿರುಬಿಟ್ಟರೆ, ಅವರು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ದೋಣಿಯೊಳಗೆ ಕಾಲಿಟ್ಟೇಬಿಟ್ಟರು. "ನೋಡ್ತೇನೆ ಅಂದದ್ದು ಇದನ್ನೇ. ನಿಂತ ಕಂಬವನ್ನು ನೋಡಲಿಕ್ಕೆ ಪೆರಾಬೆಯಿಂದ ಬರಬೇಕಾ?" ರಘು ಭಾವನ ಮುಖ ಅರಳಿತು. ಸೀರೆಯ ಮೇಲೆ ಲೈಫ್ ಜಾಕೆಟ್ ತೊಡಿಸಿದರು. ಆ ಜಾಕೆಟ್ಟಿಗೆ ಅಪಾಯಕಾಲಕ್ಕೆಂದು ಒಂದು ಸೀಟಿ ಕಟ್ಟಿರುತ್ತಾರೆ. ಅದು ಅತ್ತೆಯ ಕೈಗೆ ಸಿಕ್ಕಿತು.

ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ಹೋಗಿ, ಅಲ್ಲಿಯವರೆಗೆ ತಂದ ಪುಟ್ಟ ಎಂಜಿನ್ ನಿಲ್ಲಿಸಿ ಹಾಯಿ ಏರಿಸಿದಾಗ ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಗಾಳಿ ತುಂಬಿತು. ತಂತಿ ಬಿಗಿಯಿತು, ಎಲ್ಲೋ ಮರ ಒಮ್ಮೆ ನರಳಿತು. ಕಂಬ ನಿಂತಿತು. ದೋಣಿ ಸದ್ದಿಲ್ಲದೆ ಮುಂದೆ ಹೋಗತೊಡಗಿತು. ರಘು ಭಾವ ಚುಕ್ಕಾಣಿ ಹಿಡಿದು ಕೂತಿದ್ದರು, ಕಣ್ಣು ತೇವವಾಗಿತ್ತು. ಅತ್ತೆ ಬೆನ್ನು ನೆಟ್ಟಗೆ ಮಾಡಿ ಮುಂದೆಯೇ ನೋಡುತ್ತಿದ್ದರು, ಕೈ ತನ್ನಿಂತಾನೇ ಹಣೆಯ ಕಡೆ ಹೋಗಿತ್ತು. ಸಲ್ಯೂಟೋ, ಬಿಸಿಲಿಗೆ ಅಡ್ಡ ಹಿಡಿದದ್ದೋ, ನಾನು ಕೇಳಲಿಲ್ಲ. ಕೇಳುವ ಸ್ಥಿತಿಯಲ್ಲೂ ಇರಲಿಲ್ಲ. ಬೆಳಿಗ್ಗೆ ತಿಂದ ನೀರುದೋಸೆ ವಾಪಸು ಹೊರಟಿತ್ತು. ಆ ಘನವಾದ ಗಳಿಗೆಯಲ್ಲಿ ನಾನು ನನ್ನ ಕೈಯಾರೆ ನವಿರುಗೊಳಿಸಿದ ಸಾಗುವಾನಿಯನ್ನು ತಬ್ಬಿಕೊಂಡು ಅರಬ್ಬೀ ಸಮುದ್ರಕ್ಕೆ ಎಲ್ಲವನ್ನೂ ಒಪ್ಪಿಸುತ್ತಿದ್ದೆ. ಹಿಂದಿನಿಂದ ಸೀಟಿ ಕೇಳಿಸಿತು. "ತಲೆ ಎತ್ತು! ನೇರ ದೂರಕ್ಕೆ ನೋಡು! ಉಸಿರು ಎಳೆದುಕೋ!" ದೂರದ ಮೀನಿನ ದೋಣಿಯವರೂ ತಲೆ ಎತ್ತಿ ನೇರ ನೋಡಿದರು.

ರೆಸಾರ್ಟಿನವರಿಗೆ ಅಕ್ಕನೇ ಫೋನ್ ಮಾಡಿ ದೋಣಿ ಕೊಡುವುದಿಲ್ಲ ಎಂದರು. ಮಳೆಗಾಲ ಕಳೆದ ಮೇಲೆ ಅತ್ತೆ ಮತ್ತೆ ಫೋನ್ ಮಾಡತೊಡಗಿದ್ದಾರೆ. "ಗಾಳಿ ಹೇಗುಂಟಂತೆ?" ಎಂದು. ಹಾಗೆಂದರೆ ಆದಿತ್ಯವಾರ ನಾನು ಪೆರಾಬೆಗೆ ಕಾರು ತೆಗೆದುಕೊಂಡು ಹೋಗಿ ಅವರನ್ನು ಮಂಗಳೂರಿಗೆ ಕರೆದೊಯ್ಯಬೇಕು ಎಂದರ್ಥ. ಅತ್ತೆಯೂ ರಘು ಭಾವನೂ ಹಾಯಿ ಏರಿಸಿ ಹೋಗುತ್ತಾರೆ. ನಾನು ದಡದ ಚಾದಂಗಡಿಯಲ್ಲಿ ಅವರ ಚಪ್ಪಲಿ ಕಾಯುತ್ತ ಕೂರುತ್ತೇನೆ. ಮೊನ್ನೆ ಅಂಗಡಿಯವರು ಗಾಜಿನ ಲೋಟ ತೊಳೆಯುತ್ತ ವಿಚಾರಿಸಿದರು, "ಆ ಅಜ್ಜಿ ದೋಣಿಯ ಓನರಾ?" ಪಾಲುದಾರಿಕೆಯ ವಿಷಯ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ನೀರಿನ ಮೇಲೆ ದೋಣಿ ಅಲೆಗೆ ಎದ್ದು ಬಿದ್ದು ವಾಲಿತು. ನಾನು ದಡದಲ್ಲೇ ಕೂತು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಹೌದು" ಎಂದೆ. "ನಾನು ಅವರ ಡ್ರೈವರು."